ಕಸುಬಿನ ವಂಶಾವಳಿಯೂ ಲೆಕ್ಕಕ್ಕೆ ಬರಲಿ

ಯಂತ್ರ, ದಾಸ್ತಾನು, ಬರತಕ್ಕ ಬಾಕಿ, ಇವೆಲ್ಲಕ್ಕೂ ನಮ್ಮ ಅಢಾವೆ ಪತ್ರಿಕೆಯಲ್ಲಿ ಸ್ಥಾನವುಂಟು. ಸಂಸ್ಥೆಯ ಕಸುಬು ಯಾರಿಂದ ಯಾರಿಗೆ ಬಂದಿತೆಂಬುದಕ್ಕೆ ಮಾತ್ರ ಸ್ಥಾನವಿಲ್ಲ. ಇದರ ಬೆಲೆಯನ್ನರಿಯಲು ‘ಅನುಭವ ವಿನ್ಯಾಸ’ ಉದ್ಯಮದ ಚರಿತ್ರೆಯನ್ನು ಗಮನಿಸುವುದು ಉಚಿತ. ಗ್ರಾಹಕನು ವಸ್ತುವನ್ನಾಗಲಿ ಸೇವೆಯನ್ನಾಗಲಿ ತೊಡಕಿಲ್ಲದೆ ಬಳಸುವಂತೆ ರೂಪಿಸಿಕೊಡುವುದೇ ಈ ಉದ್ಯಮದ ಕೆಲಸ.

ಈ ಕ್ಷೇತ್ರದಲ್ಲಿ ಸಂಸ್ಥೆಗಳಿಗೂ ವಂಶವೃಕ್ಷವಿದೆ. ಬಿಲ್ ಮಾಗ್ರಿಜ್ 1969ರಲ್ಲಿ ಲಂಡನ್ನಿನಲ್ಲಿಯೂ ಡೇವಿಡ್ ಕೆಲ್ಲಿ 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿಯೂ ಆರಂಭಿಸಿದ ಸಂಸ್ಥೆಗಳು 1991ರಲ್ಲಿ ಮೈಕ್ ನಟ್ಟಾಲ್ ಅವರ ಸಂಸ್ಥೆಯೊಡನೆ ವಿಲೀನಗೊಂಡು ‘ಐಡಿಯೊ’ ಆದವು. ಹಾರ್ಟ್‌ಮುಟ್ ಎಸ್ಲಿಂಗರ್ 1969ರಲ್ಲಿ ಜರ್ಮನಿಯಲ್ಲಿ ಸ್ಥಾಪಿಸಿದ ‘ಫ್ರಾಗ್’ 2004ರಲ್ಲಿ ಫ್ಲೆಕ್ಸ್‌ಟ್ರಾನಿಕ್ಸ್‌ನ ಅಧೀನಕ್ಕೆ ಬಂದು, ಅನಂತರ ಅರಿಸೆಂಟ್, ಆಲ್ಟ್ರಾನ್‌ಗಳನ್ನು ದಾಟಿ 2020ರಲ್ಲಿ ಕ್ಯಾಪ್‌ಜೆಮಿನಿಯನ್ನು ಸೇರಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2001ರಲ್ಲಿ ಏಳು ಮಂದಿ ಕಟ್ಟಿದ ‘ಅಡಾಪ್ಟಿವ್ ಪಾತ್’ 2014ರಲ್ಲಿ ಕ್ಯಾಪಿಟಲ್ ಒನ್ ಬ್ಯಾಂಕಿನೊಳಗೆ ಒಂದಾಯಿತು.

ಈ ವೃಕ್ಷದ ಕೊಂಬೆಗಳು ಬೆಂಗಳೂರಿಗೂ ಚಾಚಿವೆ. 2015ರಲ್ಲಿ ವಿಪ್ರೋ ಡೆನ್ಮಾರ್ಕಿನ ‘ಡಿಸೈನಿಟ್’ ಅನ್ನು ಸುಮಾರು 8.5 ಕೋಟಿ ಯೂರೋಗಳಿಗೆ ಖರೀದಿಸಿತು. 2018ರಲ್ಲಿ ಇನ್ಫೋಸಿಸ್ ಅಮೆರಿಕದ ‘ವಾಂಗ್‌ಡೂಡಿ’ಗೆ ಗರಿಷ್ಠ 7.5 ಕೋಟಿ ಡಾಲರ್ ನಿಗದಿಪಡಿಸಿದಾಗ, ನೌಕರರನ್ನು ಉಳಿಸಿಕೊಳ್ಳುವ ಸಲುವಾಗಿ ನೀಡುವ ಹಣವೂ ಅದರಲ್ಲಿಯೇ ಅಡಕವಾಗಿತ್ತು. ಖರೀದಿದಾರರು ಬೆಲೆ ಕಟ್ಟಿದ್ದು ಮುಖ್ಯವಾಗಿ ಜನರ ಕೌಶಲಕ್ಕೆ ಎಂಬುದು ಇದರಿಂದ ಸ್ಪಷ್ಟ.

ಸಣ್ಣ ಕೈಗಾರಿಕೆಯ ಸ್ಥಿತಿಯೂ ಭಿನ್ನವಲ್ಲ. ಅಚ್ಚು ತಯಾರಿಸುವ ಹಿರಿಯ ಮೇಸ್ತ್ರಿಯೊಬ್ಬರು ಬಿಟ್ಟುಹೋದರೆ ಯಂತ್ರ ಉಳಿಯುತ್ತದೆ, ಕಸುಬು ಉಳಿಯದು. ಲೆಕ್ಕಪತ್ರ ಮಾನದಂಡ 26ರಂತೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಹಣ ಕೊಟ್ಟು ಕೊಂಡ ಗುಡ್‌ವಿಲ್ಲಿಗೂ ಆದಾಯ ತೆರಿಗೆಯಲ್ಲಿ ಸವಕಳಿ ದೊರೆಯದಂತೆ 2021ರ ಹಣಕಾಸು ಕಾಯಿದೆ ಮಾಡಿತು. ಇತ್ತ ಭಾರತೀಯ ಕರಾರು ಕಾಯಿದೆಯ 27ನೆಯ ಕಲಮಿನಂತೆ, ಕೆಲಸ ಬಿಟ್ಟವನನ್ನು ಅದೇ ಕಸುಬು ಮಾಡದಂತೆ ತಡೆಯುವ ಕರಾರು ಅಸಿಂಧು. ಗುಡ್‌ವಿಲ್ ಮಾರಿದವನ ಮೇಲೆ ಮಾತ್ರ ಸಮಂಜಸವಾದ ಸ್ಥಳಮಿತಿಯೊಳಗೆ ನಿರ್ಬಂಧ ಹೇರಬಹುದು.

ಆದುದರಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ತನ್ನ ಕಸುಬಿನ ವಂಶಾವಳಿಯನ್ನು ಬರೆದಿಡುವುದು ಲೇಸು. ಯಾವ ಕೌಶಲ ಯಾರಲ್ಲಿದೆ, ಅವರು ಯಾರಿಂದ ಕಲಿತರು, ಅವರ ಬಳಿ ಕಲಿಯುತ್ತಿರುವವರು ಯಾರು, ಇಷ್ಟಿದ್ದರೆ ಸಾಕು. ಮೂರನೆಯ ಅಂಕಣ ಖಾಲಿಯಿದ್ದ ಕಡೆ ಕೂಡಲೇ ಒಬ್ಬ ಶಿಷ್ಯನನ್ನು ನಿಯೋಜಿಸಬೇಕು. ಬೇರೊಂದು ಉದ್ಯಮವನ್ನು ಕೊಳ್ಳುವವರು ಇದೇ ಪಟ್ಟಿಯನ್ನು ಮಾರುವವರಿಂದ ಕೇಳಿ ಪಡೆದು, ಬೆಲೆಯ ಒಂದು ಭಾಗವನ್ನು ಮುಖ್ಯ ಕುಶಲಕರ್ಮಿಗಳು ಉಳಿದ ಮೇಲೆಯೇ ಪಾವತಿ ಮಾಡತಕ್ಕದ್ದು.

ಹೆಸರು ಬರೆದರೆ ಕೆಲಸಗಾರರು ಹೆಚ್ಚು ಸಂಬಳ ಕೇಳುವರೆಂದು ಕೆಲವರು ಅಳುಕುವುದುಂಟು. ಕೇಳಬಹುದು. ಆದರೆ ಅವರು ಹೊರಟುಹೋದ ಮೇಲೆ ಕೆಡುವ ಮಾಲು, ತಪ್ಪುವ ಗಡುವು, ಕೈಬಿಡುವ ಗಿರಾಕಿ, ಇವುಗಳ ನಷ್ಟದೊಡನೆ ಹೋಲಿಸಿದರೆ ಆ ಸಂಬಳ ದುಬಾರಿಯೆನಿಸದು.