ಈಚಿನ ಕೆಲವು ಪುಸ್ತಕ, ಚಲಚ್ಚಿತ್ರ, ಸಂಗೀತಗಳ ವಿಷಯವಾಗಿ ನನ್ನ ಅಭಿಪ್ರಾಯ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬರೆಯುವಂತೆ ಬೋರ್ಡಿಂಗಿನ ಗಂಟೆ, ಮಳೆಗಾಲದ ಗಂಜಿಯೂಟ, ಬಾವಿಯ ಬಳಿಯ ನೆಲ್ಲಿಮರ ಇವುಗಳನ್ನು ಕುರಿತು ಬರೆಯೋಣವೆಂದು ಮೊದಲು ಯೋಚಿಸಿದೆನು. ಆದರೆ ಆ ಮರದ ವಿಷಯವು ಹಿಂದಿನ ಸಂಚಿಕೆಗಳಲ್ಲಿ ಸಾಕಷ್ಟು ಬಂದುಹೋಗಿರುವುದರಿಂದಲೂ, ಮರವೇ ಈಗ ಇಲ್ಲದಿರುವುದರಿಂದಲೂ, ಈಚಿನ ಒಂದೆರಡು ವರ್ಷಗಳಲ್ಲಿ ನಾನು ಓದಿದ, ನೋಡಿದ, ಕೇಳಿದ ಕೆಲವನ್ನು ಕುರಿತು ನನಗೆ ತೋರಿದ್ದನ್ನು ಹೇಳಬೇಕೆಂದಿದ್ದೇನೆ. ನಾನು ಪಂಡಿತಳಲ್ಲ, ವಿಮರ್ಶಕಳೂ ಅಲ್ಲ. ಇಪ್ಪತ್ತೆಂಟು ವರ್ಷ ಕಛೇರಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ನನ್ನ ಅಭಿಪ್ರಾಯವು ತಪ್ಪೆಂದು ತೋರಿದವರು ಮುಂದಿನ ಸಂಚಿಕೆಯಲ್ಲಿ ಧಾರಾಳವಾಗಿ ತಿದ್ದಬಹುದು.

ಮೊದಲು ಪುಸ್ತಕದ ಮಾತು. ೨೦೨೫ನೆಯ ಇಸವಿ ಮೇ ತಿಂಗಳ ೨೦ನೆಯ ತಾರೀಖು ಲಂಡನ್ನಿನಲ್ಲಿ ಹಾಸನದ ಶ್ರೀಮತಿ ಬಾನು ಮುಷ್ತಾಕರಿಗೂ, ಅವರ ಕಥೆಗಳನ್ನು ಇಂಗ್ಲಿಷಿಗೆ ತಂದ ಮಡಿಕೇರಿಯ ಶ್ರೀಮತಿ ದೀಪಾ ಭಾಸ್ತಿಯವರಿಗೂ ಅಂತಾರಾಷ್ಟ್ರೀಯ ಬೂಕರ್ ಪಾರಿತೋಷಕವು ದೊರೆತ ಸಂಗತಿಯನ್ನು ಅರಿಯದ ಕನ್ನಡಿಗರಿಲ್ಲ. ಕನ್ನಡದಿಂದ ಹೋದ ಗ್ರಂಥವೊಂದಕ್ಕೆ ಈ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಸಣ್ಣಕಥೆಗಳ ಸಂಗ್ರಹಕ್ಕೆ ಸಿಕ್ಕಿದ್ದೂ ಅದೇ ಮೊದಲು. ಐವತ್ತು ಸಾವಿರ ಪೌಂಡುಗಳ ಬಹುಮಾನವನ್ನು ಬರೆದವರೂ ಅನುವಾದಿಸಿದವರೂ ಸಮಸಮನಾಗಿ ಹಂಚಿಕೊಳ್ಳುವ ಪದ್ಧತಿಯು ನನಗೆ ಬಹಳ ಮೆಚ್ಚಿಗೆಯಾಯಿತು. ಲೆಕ್ಕ ಬರೆದವಳಾದುದರಿಂದ ಇಂಥವು ನನ್ನ ಕಣ್ಣಿಗೆ ಮೊದಲು ಬೀಳುತ್ತವೆ.

ಇನ್ನೊಂದು ಸಂಗತಿಯು ನಮ್ಮಂಥ ಶಾಲೆಯಲ್ಲಿ ಓದಿದವರಿಗೆ ವಿಶೇಷವಾಗಿ ಹಿಡಿಸತಕ್ಕದ್ದು. ಮನೆಯಲ್ಲಿ ದಖನಿ ಉರ್ದುವನ್ನಾಡುತ್ತಿದ್ದ ಬಾನು ಎಂಬ ಬಾಲಕಿಯನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಮಿಶನ್ ಶಾಲೆಯೊಂದರ ಕನ್ನಡ ತರಗತಿಗೆ ಸೇರಿಸಿಕೊಳ್ಳುವಾಗ, ಆರು ತಿಂಗಳೊಳಗೆ ಕನ್ನಡವನ್ನು ಓದಿ ಬರೆಯಲು ಕಲಿಯತಕ್ಕದ್ದೆಂದು ಷರತ್ತು ಹಾಕಿದ್ದರಂತೆ. ಹುಡುಗಿಯು ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆ ಷರತ್ತು ಹಾಕಿದವರು ಈಗ ಇದ್ದಿದ್ದರೆ ಏನನ್ನುತ್ತಿದ್ದರೋ!

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಈ ಲೇಖಕಿಯ ‘ಬೆಂಕಿ ಮಳೆ’ ಎಂಬ ಪುಸ್ತಕವು ನಮ್ಮ ಮನೆಯ ಕಪಾಟಿನಲ್ಲಿ ಅನೇಕ ವರ್ಷಗಳಿಂದ ಇತ್ತು. ನನ್ನ ಯಜಮಾನರು ಯಾವುದೋ ಸಾಹಿತ್ಯ ಸಮ್ಮೇಳನದಿಂದ ತಂದದ್ದು. ನಾನದರ ಧೂಳು ಒರೆಸಿದ್ದುಂಟೇ ಹೊರತು ತೆರೆದು ನೋಡಿದ್ದಿಲ್ಲ. ಲಂಡನ್ನಿನವರು ಮೆಚ್ಚಿದ ಮಾರನೆಯ ವಾರ ಇಂಗ್ಲಿಷ್ ‘ಹಾರ್ಟ್ ಲ್ಯಾಂಪ್’ ಪುಸ್ತಕವನ್ನು ಹಣ ಕೊಟ್ಟು ಕೊಂಡುತಂದು, ಎರಡು ಕಥೆಗಳನ್ನು ಓದಿದ ತರುವಾಯ ಕಪಾಟಿನ ಕಡೆಗೆ ನೋಡಿ ನಾಚಿಕೊಂಡೆನು. ಮನೆಯ ಬಾವಿಯ ನೀರನ್ನು ಪರವೂರಿನ ಸೀಸೆಯಲ್ಲಿ ಕುಡಿದಂತಾಯಿತು. ಆದಾಗ್ಯೂ ಅನುವಾದವನ್ನು ಹಗುರವಾಗಿ ಕಾಣುವಂತಿಲ್ಲ. ದೀಪಾ ಭಾಸ್ತಿಯವರು ಕನ್ನಡದ, ಉರ್ದುವಿನ ಮಾತುಗಳನ್ನು ಅಲ್ಲಲ್ಲಿ ಹಾಗೆಯೇ ಇಟ್ಟಿದ್ದಾರೆ. ಅವನ್ನು ಓರೆ ಅಕ್ಷರಗಳಲ್ಲಿ ಅಚ್ಚು ಹಾಕಿಸಿ ಪರಕೀಯರಂತೆ ಬೇರೆ ಕೂರಿಸಿಲ್ಲ. ಅಡಿಟಿಪ್ಪಣಿಯ ಗೊಡವೆಗೂ ಹೋಗಿಲ್ಲ. ಇಂಗ್ಲಿಷ್ ಓದುಗನೂ ಸ್ವಲ್ಪ ಕಷ್ಟಪಡಲಿ ಎಂಬ ಈ ಧೈರ್ಯವು ನನಗೆ ಹಿಡಿಸಿತು. ನಾವು ಇಂಗ್ಲಿಷ್ ಪಾಠಗಳನ್ನು ಓದುವಾಗ ಡ್ಯಾಫೊಡಿಲ್ ಹೂವೆಂದರೇನೆಂದು ನಮಗೆ ಯಾರು ತೋರಿಸಿದ್ದರು?

೧೯೯೦ರಿಂದ ೨೦೨೩ರ ವರೆಗೆ ಬರೆದ ಕಥೆಗಳಲ್ಲಿ ಹನ್ನೆರಡು ಇದರಲ್ಲಿವೆ. ಇವುಗಳೆಲ್ಲ ಅಳುವಿನ ಕಥೆಗಳೆಂದು ಹೇಳುವವರು ಪುಸ್ತಕವನ್ನು ಓದಿಲ್ಲವೆಂದೇ ನನ್ನ ಎಣಿಕೆ. ಗೋಬಿ ಮಂಚೂರಿಯ ಹುಚ್ಚು ಹಿಡಿದ ಅರಬ್ಬೀ ಮೇಷ್ಟರೊಬ್ಬನ ಕಥೆಯನ್ನು ಓದುತ್ತ ನಾನು ಗಟ್ಟಿಯಾಗಿ ನಕ್ಕೆನು. ಅದೇ ಹುಚ್ಚಿಗಾಗಿ ಅವನು ಹೆಂಡತಿಯ ಮೇಲೆ ಕೈಮಾಡುವ ಭಾಗ ಬಂದಾಗ, ಇಷ್ಟು ಹೊತ್ತು ನಕ್ಕದ್ದಕ್ಕೆ ಮುಜುಗರವಾಯಿತು. ‘ಕರಿ ನಾಗರಗಳು’ ಎಂಬ ಕಥೆಯನ್ನು ೨೦೦೪ರಲ್ಲಿ ಶ್ರೀ ಗಿರೀಶ ಕಾಸರವಳ್ಳಿಯವರು ‘ಹಸೀನಾ’ ಎಂಬ ಚಿತ್ರವಾಗಿ ಮಾಡಿದ್ದು, ಅದರಲ್ಲಿ ನಟಿಸಿದ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ಹಲವರಿಗೆ ನೆನಪಿರಬಹುದು. ಎಲ್ಲ ಕಥೆಗಳೂ ಸಮನಾಗಿವೆಯೆಂದು ನಾನು ಹೇಳುವುದಿಲ್ಲ. ಕೆಲವು ಕಡೆ ಲೇಖಕಿಯ ಒಳಗಿರುವ ವಕೀಲರು ಎದ್ದುನಿಂತು ವಾದಿಸಲಾರಂಭಿಸುತ್ತಾರೆ. ಆಗ ಕಥೆಯು ಕುರ್ಚಿಯಲ್ಲಿ ಕೂತು ಕಾಯಬೇಕಾಗುತ್ತದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಈ ಪುಸ್ತಕವನ್ನೂ ಲೇಖಕಿಯ ಕನ್ನಡ ಕಥೆಗಳನ್ನೂ ನಮ್ಮ ಶಾಲೆಯ ಪುಸ್ತಕ ಭಂಡಾರಕ್ಕೆ ಹಳೆಯ ವಿದ್ಯಾರ್ಥಿನಿಯರ ಪರವಾಗಿ ನಾವು ಕೆಲವರು ಕೊಟ್ಟೆವು. ಹೆತ್ತವರ ಸಭೆಯಲ್ಲಿ ಒಬ್ಬ ತಾಯಿಯವರು ಎದ್ದು, ಒಂಭತ್ತು ಹತ್ತನೆಯ ತರಗತಿಯ ಹೆಣ್ಣುಮಕ್ಕಳ ಕೈಗೆ ಇಂಥದ್ದನ್ನು ಕೊಡಕೂಡದೆಂದು ಆಕ್ಷೇಪಿಸಿದರು. ಅವರ ಗುರಿಯಿದ್ದದ್ದು ‘ಎದೆಯ ಹಣತೆ’ ಎಂಬ ಕಥೆಯ ಮೇಲೆ. ಗಂಡನು ಬೇರೊಬ್ಬಳ ಪಾಲಾದ ಮೇಲೆ ಮೆಹರುನ್ ಎಂಬ ತಾಯಿಯು ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರು ಅವಳನ್ನು ತಿರುಗಿ ಅಲ್ಲಿಗೇ ಬಿಟ್ಟುಬರುತ್ತಾರೆ. ಅದೇ ರಾತ್ರಿ ಅವಳು ಬದುಕು ಸಾಕೆಂದು ಹೊರಟಾಗ ಹಿರಿಯ ಮಗಳು ಸಲ್ಮಾ ಎದ್ದುಬಂದು ತಡೆಯುತ್ತಾಳೆ. ‘ಅಮ್ಮಾ, ನಿಮ್ಮ ಮೊಮ್ಮಗಳ ಕೈಗಾದರೆ ಇದನ್ನು ಕೊಡುತ್ತಿದ್ದಿರಾ?’ ಎಂದು ಆ ತಾಯಿಯವರು ನನ್ನನ್ನೇ ಕೇಳಿದರು. ಕೇಳಿದ್ದು ನ್ಯಾಯವಾಗಿತ್ತು. ಅವರ ಅಂಜಿಕೆಯಲ್ಲಿ ಹುಸಿಯೇನೂ ಇರಲಿಲ್ಲ. ಎಳೆಯ ಮನಸ್ಸಿನ ಮೇಲೆ ಇಂಥ ಸಂಗತಿ ಹೇಗೆ ಬೀಳುವುದೋ ಎಂದು ಯೋಚಿಸದ ತಾಯಿ ಯಾರು?

ನಾನು ಕೊಟ್ಟಾಗಿತ್ತು. ಹತ್ತನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳು ಅದನ್ನೋದಿ, ರಾತ್ರಿ ನಾನು ಸೊಳ್ಳೆಪರದೆ ಕಟ್ಟುತ್ತಿದ್ದಾಗ ಬಾಗಿಲಲ್ಲಿ ನಿಂತು, ‘ಅಜ್ಜೀ, ಸಲ್ಮಾ ನಿದ್ದೆ ಹೋಗಿದ್ದಿದ್ದರೆ?’ ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಆಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ನಮ್ಮ ಬಂಧುಗಳಲ್ಲಿಯೇ ತವರಿಗೆ ಬಂದು ತಿರುಗಿ ಕಳುಹಿಸಲ್ಪಟ್ಟ ಒಬ್ಬಳ ವಿಷಯವನ್ನು ನಾನು ಅವಳಿಗೆ ಆ ರಾತ್ರಿ ಮೊದಲ ಸಲ ಹೇಳಿದೆನು. ಕಳುಹಿಸಿದವರಲ್ಲಿ ನಾನೂ ಇದ್ದೆನೆಂಬುದನ್ನೂ ಹೇಳಿದೆನು. ಆ ಕಥೆಯಲ್ಲಿ ತಪ್ಪಿತಸ್ಥನು ಗಂಡನೊಬ್ಬನೇ ಅಲ್ಲವಷ್ಟೆ. ಬಾಗಿಲು ಮುಚ್ಚಿದ ತವರೂ ಹೌದು. ಆದಕಾರಣ ಅದು ಹುಡುಗಿಯರಿಗಿಂತ ಮೊದಲು ಹೆತ್ತವರೇ ಓದತಕ್ಕ ಕಥೆ. ಹುಡುಗಿಯರು ಒಬ್ಬೊಬ್ಬರೇ ಓದಿ ಒಳಗೇ ಇಟ್ಟುಕೊಳ್ಳುವ ಬದಲು ಉಪಾಧ್ಯಾಯಿನಿಯರ ಜತೆಯಲ್ಲಿ ಓದಲಿ ಎಂದಾದರೆ ನಾನು ಸಂತೋಷದಿಂದ ಒಪ್ಪುತ್ತೇನೆ. ಬೀಗ ಹಾಕಿದ ಕಪಾಟಿನಲ್ಲಿಡುವುದಕ್ಕೆ ಮಾತ್ರ ಒಪ್ಪಲಾರೆನು. ಸದ್ಯ ಪುಸ್ತಕಗಳು ಆ ಕಪಾಟಿನಲ್ಲಿಯೇ ಇವೆ.

ಚಲಚ್ಚಿತ್ರಗಳ ವಿಷಯದಲ್ಲಿ ನಮ್ಮ ಹೆತ್ತವರು ಇಷ್ಟು ಎಚ್ಚರಿಕೆಯನ್ನು ತೋರಿಸುವುದನ್ನು ನಾನು ಕಾಣೆ. ೨೦೨೫ರ ಜುಲೈ ತಿಂಗಳಲ್ಲಿ ಬಿಡುಗಡೆಯಾದ ‘ಸು ಫ್ರಂ ಸೋ’ ಚಿತ್ರಕ್ಕೆ ಸಂಸಾರ ಸಮೇತರಾಗಿ ಹೋಗದ ಮನೆಯು ನಮ್ಮ ಬೀದಿಯಲ್ಲಿಲ್ಲ. ನಾವೂ ಹೋದೆವು. ಶ್ರೀ ಜೆ. ಪಿ. ತುಮಿನಾಡ್ ಎಂಬವರು ನಿರ್ದೇಶಿಸಿದ ಮೊದಲ ಚಿತ್ರವಿದು. ಮುಖ್ಯ ಪಾತ್ರವೂ ಅವರದೇ. ಕರಾವಳಿಯ ಹಳ್ಳಿಯೊಂದರ ಮದುವೆಮನೆ, ಸಾವಿನ ಮನೆ, ಎಲ್ಲದಕ್ಕೂ ಮುಂದಾಗುವ ರವಿಯಣ್ಣ, ಮೈಮೇಲೆ ಬಂದ ದೆವ್ವ, ಅದನ್ನು ಬಿಡಿಸಬಂದ ಗುರೂಜಿ, ಇವೆಲ್ಲವೂ ನಮ್ಮ ನೆರೆಹೊರೆಯವರೇ ಪರದೆಯ ಮೇಲೆ ಹತ್ತಿಕೊಂಡಂತೆ ಸಹಜವಾಗಿವೆ. ದೊಡ್ಡ ನಟರಿಲ್ಲದೆ, ಹೊಡೆದಾಟವಿಲ್ಲದೆ, ಆ ಕಡೆಯ ಮಾತಿನ ಸೊಗಸಿನಿಂದಲೇ ಜನರನ್ನು ಎರಡು ತಾಸು ನಗಿಸುವುದು ಸಣ್ಣ ಕೆಲಸವಲ್ಲ.

ಆದರೆ ಕಥೆಯು ಆರಂಭವಾಗುವುದು ಹೇಗೆ? ಕುಡಿದ ಯುವಕನೊಬ್ಬನು ಹುಡುಗಿಯೊಬ್ಬಳ ಸ್ನಾನದ ಮನೆಗೆ ಇಣುಕಹೋಗಿ ಸಿಕ್ಕಿಬಿದ್ದು, ಪೆಟ್ಟು ತಪ್ಪಿಸಿಕೊಳ್ಳಲು ದೆವ್ವ ಹಿಡಿದಂತೆ ನಟಿಸುತ್ತಾನೆ. ಚಿತ್ರಮಂದಿರವೆಲ್ಲ ನಕ್ಕಿತು. ನಾನೂ ನಕ್ಕೆನೆಂದು ಹೇಳದಿದ್ದರೆ ಸುಳ್ಳಾಗುತ್ತದೆ. ಪಕ್ಕದಲ್ಲಿದ್ದ ಮೊಮ್ಮಗಳು ನಗಲಿಲ್ಲ. ಉತ್ತರಾರ್ಧದಲ್ಲಿ ಸುಲೋಚನೆಯ ಮಗಳಾದ ಭಾನುವಿನ ಕಷ್ಟವು ತಿಳಿದುಬಂದು, ಅದೇ ಸುಳ್ಳು ದೆವ್ವವು ಅವಳ ಪಾಲಿಗೆ ಆಸರೆಯಾಗುವುದು ಒಳ್ಳೆಯ ಯೋಚನೆಯೇ. ಆ ಯುವಕನೂ ಅಷ್ಟರಮಟ್ಟಿಗೆ ಮನುಷ್ಯನಾಗುತ್ತಾನೆ. ಆದರೆ ಸ್ನಾನದ ಮನೆಯಲ್ಲಿದ್ದ ಆ ಮೊದಲ ಹುಡುಗಿಗೆ ಏನೆನ್ನಿಸಿತೆಂದು ಚಿತ್ರದಲ್ಲಿ ಯಾರೂ ನಿಂತು ಕೇಳುವುದಿಲ್ಲ. ಇದನ್ನು ತಡೆಯಬೇಕೆಂದು ನಾನು ಹೇಳುತ್ತಿಲ್ಲ. ಮನೆಗೆ ಬರುವ ದಾರಿಯಲ್ಲಿ ಮಾತಾಡಬೇಕೆಂದು ಹೇಳುತ್ತಿದ್ದೇನೆ. ಒಂದು ಕಥೆಯಲ್ಲಿ ಹೆಣ್ಣಿನ ಸಂಕಟವನ್ನು ಸಂಕಟವೆಂದೇ ಬರೆದರೆ ಬೀಗ, ಇನ್ನೊಂದರಲ್ಲಿ ಅದನ್ನು ನಗೆಯಾಗಿ ದಾಟಿಸಿದರೆ ಸಂಸಾರಕ್ಕೆಲ್ಲ ಟಿಕೆಟ್ಟು! ಈ ಲೆಕ್ಕವು ನನಗೆ ತಾಳೆಯಾಗುವುದಿಲ್ಲ.

ಅದೇ ವರ್ಷ ಮಾರ್ಚಿಯಲ್ಲಿ ಬಂದ ‘ಮಿಥ್ಯ’ ಚಿತ್ರವನ್ನು ನೋಡಿದವರು ಕಡಿಮೆ. ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಮುಂಬಯಿಯಿಂದ ಉಡುಪಿಯ ಕಡೆಗೆ ಬಂಧುಗಳ ಮನೆಗೆ ಬಂದ ಹನ್ನೊಂದು ವರ್ಷದ ಹುಡುಗನ ಕಥೆ. ಶ್ರೀ ಸುಮಂತ ಭಟ್ಟರ ನಿರ್ದೇಶನ. ಹುಡುಗನು ಹೆಚ್ಚು ಮಾತಾಡುವುದಿಲ್ಲ, ಚಿತ್ರವೂ ಅವನನ್ನು ಮಾತಾಡೆಂದು ಪೀಡಿಸುವುದಿಲ್ಲ. ಉಪಾಧ್ಯಾಯಿನಿಯರಾಗಿರುವ ನನ್ನ ಗೆಳತಿಯರೆಲ್ಲರೂ ಇದನ್ನು ನೋಡಬೇಕು. ಅಕ್ಟೋಬರದಲ್ಲಿ ಬಂದ ‘ಕಾಂತಾರ’ದ ಹೊಸ ಭಾಗವನ್ನೂ ನೋಡಿದೆನು. ಕಾಡು ಬಹಳ ಚೆನ್ನಾಗಿತ್ತು. ಕಿವಿಗೆ ಹತ್ತಿಯನ್ನು ಒಯ್ದಿರಲಿಲ್ಲ.

ಸಂಗೀತದ ವಿಷಯದಲ್ಲಿ ನಾನು ಹಳೆಯ ಕಾಲದವಳು. ೧೯೭೮ರಲ್ಲಿ ಶ್ರೀ ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ದ ಕ್ಯಾಸೆಟ್ಟು ಬಂದಾಗ, ನಾವು ಹುಡುಗಿಯರು ಟೇಪು ಸವೆಯುವ ತನಕ ಕೇಳಿದೆವು. ಭಾವಗೀತೆಯಲ್ಲಿ ಮಾತು ಮುಂದೆ, ರಾಗವು ಅದರ ಕೈಹಿಡಿದು ಹಿಂದೆ. ಮೊಮ್ಮಗಳು ಈಗ ಕೇಳುವುದು ಬೆಂಗಳೂರಿನ ಕುಮಾರಿ ವಾರಿಜಶ್ರೀ ವೇಣುಗೋಪಾಲರ ಗಾಯನವನ್ನು. ಇವರು ಕರ್ನಾಟಕ ಸಂಗೀತದಲ್ಲಿ ಪಳಗಿದವರು, ಕೊಳಲನ್ನೂ ನುಡಿಸುತ್ತಾರೆ. ಜಾನ್ ಕೋಲ್ಟ್ರೇನನ ಜಾಸ್ ವಾದ್ಯವೊಂದನ್ನು ಸ್ವರಗಳಾಗಿ ಹಾಡಿ ಹೆಸರಾದವರು. ೨೦೨೪ರಲ್ಲಿ ಅಮೆರಿಕದ ಮೈಕಲ್ ಲೀಗ್ ಎಂಬವರ ಜತೆಗೂಡಿ ‘ವಾರಿ’ ಎಂಬ ಗೀತಸಂಗ್ರಹವನ್ನು ಹೊರಡಿಸಿದರು. ಜೇಕಬ್ ಕಾಲಿಯರ್, ಅನೌಷ್ಕಾ ಶಂಕರ್ ಇವರೊಡನೆ ಹಾಡಿದ ಇನ್ನೊಂದು ಗೀತೆಯು ೨೦೨೫ರ ಗ್ರ್ಯಾಮಿಗೆ ನಾಮನಿರ್ದೇಶನವನ್ನು ಪಡೆಯಿತು. ಮೊದಲ ಸಲ ಕೇಳಿದಾಗ, ಪದಗಳೆಲ್ಲಿ ಹೋದವೆಂದು ನಾನು ಹುಡುಕುತ್ತ ಕೂತೆನು. ಮೂರನೆಯ ಸಲಕ್ಕೆ ಹುಡುಕುವುದನ್ನು ಬಿಟ್ಟೆನು. ಈಗ ಒಂದು ಕಿವಿಗೆ ಅವಳು, ಒಂದು ಕಿವಿಗೆ ನಾನು ತಂತಿಯನ್ನು ಹಂಚಿಕೊಂಡು ಕೇಳುವುದುಂಟು. ಮೆಚ್ಚಿದೆನೆಂದು ಇನ್ನೂ ಹೇಳಲಾರೆನು, ಒಗ್ಗುತ್ತಿದೆ.

ಪುಸ್ತಕಗಳ ವಿಷಯವನ್ನು ಬೇಸಿಗೆ ರಜೆಯ ತರುವಾಯದ ಹೆತ್ತವರ ಸಭೆಯಲ್ಲಿ ತೀರ್ಮಾನಿಸುವುದಾಗಿ ಮುಖ್ಯೋಪಾಧ್ಯಾಯಿನಿಯವರು ತಿಳಿಸಿದ್ದಾರೆ. ಸಭೆಗೆ ಬರುವ ತಾಯಿತಂದೆಗಳು ಅಷ್ಟರೊಳಗೆ ‘ಎದೆಯ ಹಣತೆ’, ‘ಕರಿ ನಾಗರಗಳು’, ‘ಒಮ್ಮೆ ಹೆಣ್ಣಾಗು ಪ್ರಭುವೇ’ ಈ ಮೂರು ಕಥೆಗಳನ್ನಾದರೂ ಓದಿಕೊಂಡು ಬರಬೇಕೆಂದು ನನ್ನ ವಿನಂತಿ. ಆಕ್ಷೇಪಿಸಿದ ತಾಯಿಯವರಿಗೆ ನನ್ನ ಪ್ರತಿಯನ್ನೇ ಕೊಟ್ಟಿದ್ದೇನೆ. ಅವರಿನ್ನೂ ಹಿಂದಿರುಗಿಸಿಲ್ಲ.