ಬಂಜರೆಂದು ಬರೆದ ನೆಲದ ತಂಗಡಿ

ತಾವರೆಯನ್ನು ಹೆಸರಿನಲ್ಲಿಯೇ ಹೊತ್ತ ತಾವರಗೇರಾದ ಸೀಮೆಯಲ್ಲಿ ಕಣ್ಣಿಗೆ ಹೆಚ್ಚಾಗಿ ಬೀಳುವುದು ನೀರಿನ ಹೂವಲ್ಲ, ಒಣನೆಲದ ಹಳದಿ ಹೂವು. ಅದೇ ತಂಗಡಿ, ಕೆಲವೆಡೆ ಆವರಿಕೆ. ಮಸಾರಿ ನೆಲದಲ್ಲಿ, ಕಲ್ಲುಗುಡ್ಡದ ಬುಡದಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಈ ಪೊದೆ ಕಡತಗಳಲ್ಲಿ ಮಾತ್ರ ‘ಬಂಜರು’ ಎಂಬ ಒಂದೇ ಪದದೊಳಗೆ ಮರೆಯಾಗುತ್ತದೆ.

ಸಸ್ಯಶಾಸ್ತ್ರವು ಇದನ್ನು ಮರೆತಿಲ್ಲ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ‘ಕ್ಯಾಸಿಯಾ ಆರಿಕ್ಯುಲೇಟಾ’ ಎಂದು ಹೆಸರಿಟ್ಟರು. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು. ಎಲೆಯ ತೊಟ್ಟಿನ ಬುಡದಲ್ಲಿ ಕಿವಿಯಂತೆ ಅಗಲವಾದ ಎರಡು ಪುಟ್ಟ ಎಲೆಗಳಿವೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಸುಲಭವಾದ ಗುರುತು ಬೇಕಿಲ್ಲ. ಭಾರತದ ಸಸ್ಯಗಳನ್ನು ಅಭ್ಯಸಿಸಿದ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ‘ಸೆನ್ನಾ’ ಕುಲಕ್ಕೆ ಸೇರಿಸಿದರು. ಅದು ಅಚ್ಚಾದದ್ದು ಅವರು ತೀರಿಕೊಂಡ 17 ವರ್ಷಗಳ ನಂತರ, 1832ರಲ್ಲಿ. ಆದರೂ ಗ್ರಂಥಗಳಲ್ಲಿ ಬಹುಕಾಲ ಕ್ಯಾಸಿಯಾವೇ ನಡೆಯಿತು. 1982ರಲ್ಲಿ ಅಮೆರಿಕದ ಇರ್ವಿನ್ ಮತ್ತು ಬಾರ್ನೆಬಿ ಆ ದೊಡ್ಡ ಕುಲವನ್ನು ಮೂರಾಗಿ ವಿಂಗಡಿಸಿದ ಮೇಲೆ ರಾಕ್ಸ್‌ಬರ್ಗರ ಹೆಸರಿಗೆ ಮನ್ನಣೆ ಬಂದಿತು. ಹೂವಿನಲ್ಲಿ ಮೂರು ಕೇಸರಗಳು ಉದ್ದವಾಗಿ ಡೊಂಕಾಗಿರುವ ಕಕ್ಕೆ ಕ್ಯಾಸಿಯಾದಲ್ಲಿಯೇ ಉಳಿಯಿತು, ತಂಗಡಿ ‘ಸೆನ್ನಾ ಆರಿಕ್ಯುಲೇಟಾ’ ಆಯಿತು.

ಹಳೆಯ ಪುಸ್ತಕವನ್ನೂ ಹೊಸದನ್ನೂ ಓದಿದ ವಿದ್ಯಾರ್ಥಿ ಇವೆರಡು ಬೇರೆ ಗಿಡಗಳೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ವಿಜ್ಞಾನದ ಒಂದು ಶಿಸ್ತನ್ನು ಮೆಚ್ಚಲೇಬೇಕು: ಕೈಬಿಟ್ಟ ಹೆಸರಿಗೂ ಅಲ್ಲಿ ಲೆಕ್ಕವಿದೆ, ಇಟ್ಟವರು ಯಾರು, ಯಾವ ವರ್ಷ ಎಂಬುದಿದೆ. ತಂಗಡಿ, ಆವರಿಕೆ ಎಂಬ ಹೆಸರುಗಳಿಗೆ ಅಂತಹ ಲೆಕ್ಕವನ್ನು ಇಟ್ಟವರು ಯಾರು? ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದ ಕೈಗಳು, ಸೊಪ್ಪನ್ನು ಹೊಲಕ್ಕೆ ಗೊಬ್ಬರವಾಗಿ ತುಳಿಸುತ್ತಿದ್ದ ರೈತರು ಗಿಡವನ್ನು ಪಂಡಿತರಿಗಿಂತ ಮೊದಲೇ ಬಲ್ಲವರು. ಆ ತಿಳಿವಳಿಕೆ ಬಾಯಿಂದ ಬಾಯಿಗೆ ಬಂದದ್ದು, ಹಿರಿಯರೊಂದಿಗೆ ಹೋಗುವಂಥದು.

ವಿಪರ್ಯಾಸವೆಂದರೆ, ಅಮೆರಿಕ ಖಂಡದಿಂದ ಬಂದು ಹೊಲ ಕೆರೆಗಳನ್ನು ಆವರಿಸಿದ ಮುಳ್ಳಿನ ಗಿಡ ‘ಬಳ್ಳಾರಿ ಜಾಲಿ’ ಎಂದು ಈ ನಾಡಿನ ಹೆಸರನ್ನೇ ಪಡೆದುಕೊಂಡಿದೆ! ನೆರೆಯ ತೆಲಂಗಾಣವಾದರೋ 2014ರಲ್ಲಿ ತಂಗೇಡು ಹೂವನ್ನು ತನ್ನ ರಾಜ್ಯಪುಷ್ಪವನ್ನಾಗಿ ಮಾಡಿಕೊಂಡಿತು. ಬತುಕಮ್ಮ ಹಬ್ಬದಲ್ಲಿ ಹೆಂಗಳೆಯರು ಜೋಡಿಸುವುದು ಇದೇ ಹೂವನ್ನು.

ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರತಕ್ಕದ್ದು. ಅದರಲ್ಲಿ ಊರವರ ಹೆಸರು ಮೊದಲು ಬರಲಿ, ಲ್ಯಾಟಿನ್ನಿನ ಹಳೆಯ ಮತ್ತು ಹೊಸ ಹೆಸರುಗಳು ಪಕ್ಕದಲ್ಲಿರಲಿ. ಕಚೇರಿಯಲ್ಲಿ ಕುಳಿತು ತುಂಬುವ ಪಟ್ಟಿ ಇದಲ್ಲ. ತಂಗಡಿ ಹೂ ಬಿಟ್ಟ ದಿನಗಳಲ್ಲಿ ಶಾಲೆಯ ಮಕ್ಕಳು ಕುರಿಗಾಹಿಗಳ ಜೊತೆ ಗುಡ್ಡಕ್ಕೆ ಹೋಗಿ ಬರೆದು ತರಬೇಕಾದದ್ದು.