ಮನೆಗೊಂದು ಇಂಪ್ಯಾಕ್ಟ್ ಗನ್ ಬೇಕೆ? ಪಿಎಸ್‌ಐ ನೋಡಿ ಕೊಂಡರೆ ಆಗುವ ಎಡವಟ್ಟು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮನೆಗಳು ದೂರ ದೂರ. ಗ್ಯಾರೇಜಿಗೆ ಹೋಗಬೇಕೆಂದರೆ ಪೇಟೆಗೇ ಹೋಗಬೇಕು. ಹಾಗಾಗಿ ಚಕ್ರ ಬಿಚ್ಚುವುದು, ಬ್ರೇಕ್ ಪ್ಯಾಡ್ ಬದಲಿಸುವುದು ಇಂಥ ಕೆಲಸಗಳನ್ನು ಮನೆಯ ಶೆಡ್ಡಿನಲ್ಲೇ ಮಾಡಿಕೊಳ್ಳುವ ಆಸೆ ಹಲವರಿಗಿದೆ. ಪಂಕ್ಚರ್ ಅಂಗಡಿಯಲ್ಲಿ ಎರಡೇ ಸೆಕೆಂಡಿಗೆ ನಟ್ ಬಿಚ್ಚುವ ಗಾಳಿ ಗನ್ ನೋಡಿದ ಮೇಲೆ ಆ ಆಸೆ ಇನ್ನಷ್ಟು ಬೆಳೆಯುತ್ತದೆ. ಕೊಳ್ಳುವಾಗ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಕಂಪ್ರೆಸರ್ ಎಷ್ಟು ಪಿಎಸ್‌ಐ ಕೊಡುತ್ತದೆ? ಒತ್ತಡ ಹೆಚ್ಚಿದ್ದರೆ ಗನ್ನಿಗೂ ಬಲ ಹೆಚ್ಚು ಎಂಬ ನಂಬಿಕೆ ಅದು. ಇದು ಅರ್ಧ ಸತ್ಯ ಮಾತ್ರ.

ಈ ಗನ್ ನಟ್ಟನ್ನು ನಮ್ಮ ಪಾನಾದಂತೆ ಒಂದೇ ಸಮನೆ ತಿರುಗಿಸುವುದಿಲ್ಲ. ಒಳಗಿನ ಗಾಳಿ ಮೋಟಾರು ಒಂದು ಭಾರವಾದ ಸುತ್ತಿಗೆಯನ್ನು ತಿರುಗಿಸುತ್ತದೆ. ಅದು ವೇಗ ಪಡೆದು ಮುಂದಿನ ಅಚ್ಚಿಗೆ ಪದೇ ಪದೇ ಬಡಿಯುತ್ತದೆ. ಒಂದೊಂದು ಏಟೂ ಕ್ಷಣಮಾತ್ರದ್ದು, ಆದ್ದರಿಂದ ಹಿಡಿದ ಕೈಗೆ ಹೆಚ್ಚು ಎಳೆತ ತಾಗುವುದಿಲ್ಲ. ಮಳೆಗಾಲದಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟು ಈ ಬಡಿತಕ್ಕೇ ಸಡಿಲವಾಗುತ್ತದೆ.

ಈ ಮೋಟಾರಿಗೆ ಬೇಕಾದದ್ದು ಸುಮಾರು 90 ಪಿಎಸ್‌ಐ. ಸಣ್ಣ ಕಂಪ್ರೆಸರ್ ಕೂಡ ಅಷ್ಟು ಒತ್ತಡ ಕೊಡುತ್ತದೆ. ಕೊಡಲಾರದ್ದು ಗಾಳಿಯ ಪ್ರಮಾಣವನ್ನು. ಅರ್ಧ ಇಂಚಿನ ಗನ್ ಒಂದೇ ಸಮನೆ ಓಡಿದರೆ ನಿಮಿಷಕ್ಕೆ ಸುಮಾರು 20 ಘನ ಅಡಿ, ಅಂದರೆ 560 ಲೀಟರ್‌ನಷ್ಟು ಗಾಳಿ ನುಂಗಬಹುದು. 1 ಎಚ್‌ಪಿ ಕಂಪ್ರೆಸರ್ ಆ ಒತ್ತಡದಲ್ಲಿ ಕೊಡುವುದು ಹೆಚ್ಚೆಂದರೆ 100 ಲೀಟರ್ ಆಸುಪಾಸು. ಉಳಿದದ್ದು ಟ್ಯಾಂಕಿನಿಂದ ಬರಬೇಕು. 50 ಲೀಟರ್ ಟ್ಯಾಂಕಿನ ಒತ್ತಡ 8 ಬಾರ್‌ನಿಂದ 6 ಬಾರ್‌ಗೆ ಇಳಿಯುವಾಗ ಸಿಗುವುದು 100 ಲೀಟರ್ ಗಾಳಿ. ಹತ್ತು ಹನ್ನೊಂದು ಸೆಕೆಂಡಿಗೆ ಮುಗಿಯಿತು! 24 ಲೀಟರ್ ಟ್ಯಾಂಕಾದರೆ ಐದೇ ಸೆಕೆಂಡು. ಆಮೇಲೆ ಗನ್ ಸದ್ದು ಮಾಡುತ್ತದೆ, ನಟ್ಟು ಕದಲುವುದಿಲ್ಲ. ಡಬ್ಬದ ಮೇಲಿನ ಸಿಎಫ್‌ಎಂ ಅಂಕಿಯೂ ಮೋಸ ಮಾಡೀತು: ಗನ್ನಿನ ಮೇಲೆ 4 ಅಥವಾ 5 ಎಂದು ಬರೆದಿದ್ದರೆ ಅದು ನಡುನಡುವೆ ನಿಲ್ಲಿಸಿ ಬಳಸುವಾಗಿನ ಸರಾಸರಿ. ತೆಳ್ಳಗಿನ ಸುರುಳಿ ಪೈಪು ಹಾಕಿದರೆ ಇದ್ದ ಗಾಳಿಯೂ ಗನ್ನಿಗೆ ತಲುಪುವುದಿಲ್ಲ.

ಹಾಗಾದರೆ ದೊಡ್ಡ ಕಂಪ್ರೆಸರ್ ತಂದರೆ? ಅಲ್ಲಿ ಅಡ್ಡ ಬರುವುದು ವೋಲ್ಟೇಜು. ಅಡಿಕೆ ತೋಟಕ್ಕೆ ಪಂಪ್‌ಸೆಟ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಡಕ್ಷನ್ ಮೋಟಾರಿನ ಆರಂಭದ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 230 ಇರಬೇಕಾದಲ್ಲಿ 180 ವೋಲ್ಟ್ ಬಂದರೆ ಬಲ ಶೇ. 60ರ ಆಸುಪಾಸಿಗೆ ಇಳಿಯುತ್ತದೆ. ಟ್ಯಾಂಕಿನಲ್ಲಿ ಅರ್ಧ ಗಾಳಿ ಇರುವಾಗ ಮತ್ತೆ ಚಾಲೂ ಆಗಲು ಹೊರಟ ಮೋಟಾರು ಗುಂಯ್ ಎಂದು ನಿಂತುಬಿಡುತ್ತದೆ. ಗಮನಿಸದಿದ್ದರೆ ವೈಂಡಿಂಗ್ ಸುಟ್ಟೀತು.

ನನ್ನ ಮಟ್ಟಿಗೆ, ಈಗಾಗಲೇ 2-3 ಎಚ್‌ಪಿ ಕಂಪ್ರೆಸರ್ ಇದ್ದು, ಜೀಪು, ಟಿಲ್ಲರ್ ಎಲ್ಲವನ್ನೂ ತಾವೇ ರಿಪೇರಿ ಮಾಡುವವರಿಗಷ್ಟೇ ಗಾಳಿ ಗನ್ ಸರಿ. ಒಂದೇ ಕಾರಿರುವ ಮನೆಗೆ ಬ್ಯಾಟರಿ ಗನ್ ಸಾಕು. ಬಿಚ್ಚುವ ಬಲ 300-400 ನ್ಯೂಟನ್ ಮೀಟರ್ ಇದ್ದರೆ ಧಾರಾಳವಾಯಿತು. ಸಾವಿರ ಎಂಬ ಜಾಹೀರಾತಿಗೆ ದುಡ್ಡು ಸುರಿಯಬೇಕಿಲ್ಲ. ಅದೂ ಬೇಡವೆಂದರೆ ಉದ್ದ ಹಿಡಿಯ ಪಾನಾ ಇದೆ. 60 ಕೆಜಿ ತೂಕದವರು ಅರ್ಧ ಮೀಟರ್ ಹಿಡಿಯ ತುದಿಗೆ ಪೂರ್ತಿ ಭಾರ ಹಾಕಿದರೆ ಬೀಳುವ ತಿರುಚು ಬಲ ಸುಮಾರು 290 ನ್ಯೂಟನ್ ಮೀಟರ್. ಕರೆಂಟಿಲ್ಲದಾಗಲೂ ಅದು ಕೆಲಸ ಮಾಡುತ್ತದೆ.

ನಿಜವಾದ ಅಪಾಯ ಇರುವುದು ಬಿಚ್ಚುವುದರಲ್ಲಲ್ಲ, ಬಿಗಿಯುವುದರಲ್ಲಿ. 'ಎಷ್ಟು ಬಿಗಿಯೋ ಅಷ್ಟು ಭದ್ರ' ಎಂಬ ಮಾತು ಚಕ್ರದ ನಟ್ಟಿಗೆ ಸಲ್ಲದು. ಸಾಮಾನ್ಯ ಕಾರುಗಳಿಗೆ ಬೇಕಾದ ಬಿಗಿತ ಹೆಚ್ಚಾಗಿ 85ರಿಂದ 110 ನ್ಯೂಟನ್ ಮೀಟರ್. ನಿಮ್ಮ ಕಾರಿನ ಸರಿಯಾದ ಅಂಕಿ ಕೈಪಿಡಿಯಲ್ಲಿ ಸಿಗುತ್ತದೆ. ಗನ್ ಹಿಡಿದು ಕೆಲವು ಸೆಕೆಂಡು ಬಿಗಿದರೆ ಇದರ ಎರಡು ಮೂರು ಪಟ್ಟು ದಾಟಬಹುದು. ಸ್ಟಡ್ ಮಿತಿ ಮೀರಿ ಹಿಗ್ಗಿದರೆ ದುರ್ಬಲವಾಗುತ್ತದೆ, ಮುಂದೊಂದು ದಿನ ಮುರಿಯಲೂಬಹುದು. ಮುರಿಯದಿದ್ದರೂ ಪೇಚು ತಪ್ಪಿದ್ದಲ್ಲ. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಮಳೆಯಲ್ಲಿ ಪಂಕ್ಚರ್ ಆಯಿತೆನ್ನಿ. ಕಾರಿನ ಜೊತೆ ಬಂದ ಗಿಡ್ಡ ಪಾನಾದ ಹಿಡಿ ಕಾಲು ಮೀಟರ್ ಇದ್ದರೆ ಅದೇ 60 ಕೆಜಿ ಭಾರಕ್ಕೆ 150ರಷ್ಟು ಬಲವೂ ಸಿಗದು. 300ಕ್ಕೆ ಬಿಗಿದ ನಟ್ಟು ಅಲುಗುವುದಾದರೂ ಹೇಗೆ? ಸ್ಟೆಪ್ನಿ ಇದ್ದೂ ದಾರಿ ಬದಿಯಲ್ಲಿ ಕೂರಬೇಕು.

ಆದ್ದರಿಂದ ಗನ್ ಬಿಚ್ಚುವುದಕ್ಕಿರಲಿ. ಬಿಗಿಯುವಾಗ ನಟ್ಟನ್ನು ಕೈಯಲ್ಲಿ ಕೂರಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕಾರನ್ನು ಜಾಕಿಯಿಂದ ಇಳಿಸಿದ ಮೇಲೆ ಟಾರ್ಕ್ ಪಾನಾದಲ್ಲಿ ಮುಗಿಸಿ. 50-100 ಕಿಲೋಮೀಟರ್ ಓಡಿದ ಬಳಿಕ ಇನ್ನೊಮ್ಮೆ ನೋಡಿ. ಪಂಕ್ಚರ್ ಅಂಗಡಿಯಲ್ಲೂ ಕೊನೆಯ ಸುತ್ತು ಕೈಪಾನಾದಲ್ಲೇ ಬಿಗಿಯಲು ಕೇಳಿ.

ಗನ್ನಿಗೆ ಹೊಳೆಯುವ ಸಾದಾ ಸಾಕೆಟ್ ಹಾಕಬೇಡಿ, ಏಟಿಗೆ ಸಿಡಿದು ಕಣ್ಣಿಗೆ ಬಿದ್ದೀತು. ಗನ್ನಿಗೆಂದೇ ಬರುವ ದಪ್ಪನೆಯ ಕಪ್ಪು ಸಾಕೆಟ್ ಬೇಕು, ಜೊತೆಗೆ ಕನ್ನಡಕ. ಗಾಳಿ ಗನ್ನನ್ನೇ ಕೊಂಡವರಿಗೆ ಮಳೆಗಾಲದ ಕೆಲಸ ಇನ್ನೊಂದಿದೆ. 25 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. ಅದನ್ನು ಎಂಟನೇ ಒಂದು ಪಾಲಿಗೆ ಒತ್ತಿ ತಣಿಸಿದಾಗ 20 ಗ್ರಾಂನಷ್ಟು ನೀರಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ. ಬಳಸಿದ ದಿನವೇ ತಳದ ತಿರುಪು ಬಿಚ್ಚಿ ಅದನ್ನು ಬಸಿಯಬೇಕು, ಗನ್ನಿನ ಗಾಳಿ ಬಾಯಿಗೆ ಕೆಲವು ತೊಟ್ಟು ಏರ್ ಟೂಲ್ ಎಣ್ಣೆ ಬಿಡಬೇಕು.